ಟೈರ್ ಬದಲಾಯಿಸಿದ ಮೇಲೆ ಹತ್ತುವ ಹಳದಿ ದೀಪ

ಮಳೆಗಾಲಕ್ಕೆ ಮುಂಚೆ ಕೊಡಗಿನ ಗೋಣಿಕೊಪ್ಪಲಿನಲ್ಲಿ ವಾಹನ ಮಾಲೀಕರು, ಚಾಲಕರು ಮತ್ತು ಟೈರ್ ಅಂಗಡಿಯ ಹುಡುಗರ ಮುಂದೆ ಆಡಿದ ಮಾತುಗಳ ಬರಹ ರೂಪ.

ಮೇ ಕೊನೆಯ ವಾರ ಬಂತು ಅಂದರೆ ನಮ್ಮ ಜಿಲ್ಲೆಯ ಟೈರ್ ಅಂಗಡಿಗಳಲ್ಲಿ ಕೈಗೆ ಬಿಡುವಿಲ್ಲ. ಮಳೆ ಹಿಡಿಯುವುದರೊಳಗೆ ಸವೆದ ಟೈರ್ ತೆಗೆಸಬೇಕು. ತೋಟಕ್ಕೆ ಹೋಗುವ ಜೀಪಿಗೆ ಮಡ್ ಟೈರ್ ಹಾಕಿಸಬೇಕು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಮಾಡಿಸಬೇಕು. ಚಳಿ ದೇಶಗಳಲ್ಲಿ ಹಿಮಕ್ಕೆಂದು ಬೇರೆ ಟೈರ್ ಹಾಕುತ್ತಾರೆ, ನಾವು ಮಳೆಗೆಂದು ಹಾಕುತ್ತೇವೆ. ಆಮೇಲೆ ಬರುವ ತೊಂದರೆ ಮಾತ್ರ ಇಬ್ಬರಿಗೂ ಒಂದೇ. ಅಂಗಡಿಯಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತುತ್ತದೆ. ಟೈರನ್ನು ಅಡ್ಡ ಸೀಳಿದ ಹಾಗಿರುವ ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ನೀವೆಲ್ಲ ನೋಡಿದ್ದೀರಿ.

ಆಗ ಎಲ್ಲರೂ ಹೇಳುವ ಮಾತು ಒಂದಿದೆ: “ಹೊಸ ಟೈರ್ ಅಲ್ವಾ, ಏನೂ ಆಗಲ್ಲ ಬಿಡಿ.” ಈ ಮಾತಿಗಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ದೀಪ ಹತ್ತಿಕೊಂಡೇ ಮಳೆಗಾಲ ಪೂರ್ತಿ ಓಡಿಸಿದರೆ, ನಿಜವಾಗಿ ಗಾಳಿ ಇಳಿದ ದಿನ ನಿಮಗೆ ಹೇಳುವವರು ಯಾರೂ ಇರುವುದಿಲ್ಲ.

ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ ಇಳಿಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ರಸ್ತೆಯ ಅಂಚು ಕೊಚ್ಚಿಹೋಗಿ ಚೂಪು ಜಲ್ಲಿ ಎದ್ದಿರುತ್ತದೆ. ನೀರು ತುಂಬಿದ ಗುಂಡಿಯ ಆಳ ಗೊತ್ತಾಗುವುದಿಲ್ಲ, ಬಡಿದರೆ ರಿಮ್ ಬಾಗುತ್ತದೆ. ತೋಟದ ಒಳಗೆ ಬೇಲಿಯ ತಂತಿ, ಮೊಳೆ. ಬಾಗಿದ ರಿಮ್ಮಿನ ಅಂಚಿನಿಂದ ದಿನಕ್ಕೆ ಒಂದೋ ಎರಡೋ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮಾತ್ರ ಹೋಗುತ್ತದೆ. ಈಗಿನ ಅಗಲದ ಟೈರ್ 33ರಿಂದ 24ಕ್ಕೆ ಇಳಿದರೂ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಮಾಕುಟ್ಟ ಘಾಟಿಯ ತಿರುವಿನಲ್ಲಿ ಗಾಡಿ ಒಂದು ಕಡೆ ಎಳೆದಾಗಲೇ ಗೊತ್ತಾಗುವುದು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀರಿನ ಮೇಲೆ ಟೈರ್ ತೇಲುವುದು ಅಂತ ಒಂದಿದೆ. ರಬ್ಬರಿಗೂ ರಸ್ತೆಗೂ ನಡುವೆ ನೀರು ಸೇರಿಕೊಂಡು ಸ್ಟೇರಿಂಗ್, ಬ್ರೇಕ್ ಎರಡೂ ಕೈಬಿಡುತ್ತವೆ. ವಿಮಾನದ ಟೈರುಗಳ ಮೇಲೆ ನಾಸಾ 1960ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿತು. ಟೈರಿನ ಗಾಳಿ ಕಡಿಮೆಯಾದಷ್ಟೂ ತೇಲಲು ಶುರುವಾಗುವ ವೇಗವೂ ಕಡಿಮೆ ಆಗುತ್ತದೆ ಅಂತ ಅದರಿಂದ ಒಂದು ಲೆಕ್ಕ ಸಿಕ್ಕಿತು. ಆ ಲೆಕ್ಕದಲ್ಲಿ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 95 ಕಿಲೋಮೀಟರ್, 22 ಇದ್ದರೆ 78ರ ಹತ್ತಿರ. ಕಾರಿನ ಟೈರಿಗೆ ಗಟ್ಟು (ರಸ್ತೆಗೆ ತಾಗುವ ರಬ್ಬರಿನ ಗೆರೆಗಳ ಆಳ), ಅಗಲ, ನೀರಿನ ಆಳ ಎಲ್ಲ ಸೇರಿ ಅಂಕಿ ಬದಲಾಗುತ್ತದೆ. ಆದರೆ ದಿಕ್ಕು ಅದೇ. ಘಾಟಿಯಲ್ಲಿ ನೀವು ಆ ವೇಗಕ್ಕೆ ಹೋಗುವುದಿಲ್ಲ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ನೇರ ರಸ್ತೆ ಸಿಕ್ಕಾಗ ಹೋಗುತ್ತೀರಿ.

ಸರಿ, ದೀಪಕ್ಕೆ ಬರೋಣ. ಗಾಡಿಗೆ ಟೈರಿನ ಗಾಳಿ ಗೊತ್ತಾಗುವುದು ಎರಡು ದಾರಿಯಲ್ಲಿ. ನಿಮ್ಮದು ಯಾವುದು ಅಂತ ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ತಪ್ಪುತ್ತದೆ. ಪರದೆ ಮೇಲೆ ಒಂದೊಂದು ಟೈರಿಗೂ ಬೇರೆ ಬೇರೆ ಅಂಕಿ ತೋರಿಸುತ್ತಿದ್ದರೆ ಪ್ರತಿ ಚಕ್ರದ ಒಳಗೂ ಒಂದು ಸೆನ್ಸರ್ ಇದೆ. ನಾವು ಗಾಳಿ ಹಾಕುವ ನೆಕ್ ಇದೆಯಲ್ಲ, ಅದರ ಬುಡಕ್ಕೇ ಒಳಗಡೆ ಅದು ಅಂಟಿಕೊಂಡಿರುತ್ತದೆ. ಅದರಲ್ಲಿ ಸಣ್ಣ ಬ್ಯಾಟರಿ, ರೇಡಿಯೋ, ತನ್ನದೇ ಒಂದು ನಂಬರ್. ಅಂಕಿ ಏನೂ ಇಲ್ಲ, ಬರೀ ದೀಪ, ಜೊತೆಗೆ ರೀಸೆಟ್ ಮಾಡುವ ಬಟನ್ ಅಥವಾ ಮೆನು ಇದ್ದರೆ ಹೆಚ್ಚಾಗಿ ಚಕ್ರದೊಳಗೆ ಸೆನ್ಸರ್ರೇ ಇರುವುದಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್ ಬ್ರೇಕಿಗೆಂದು ಇರುವ ವೇಗದ ಸೆನ್ಸರುಗಳೇ ಆ ಕೆಲಸ ಮಾಡುತ್ತವೆ. ಗಾಳಿ ಇಳಿದ ಟೈರಿನ ಸುತ್ತಳತೆ ಒಂಚೂರು ಚಿಕ್ಕದಾಗುತ್ತದೆ, ಹಾಗಾಗಿ ಅದು ಉಳಿದವಕ್ಕಿಂತ ಬೇಗ ತಿರುಗುತ್ತದೆ. ಗಾಡಿ ಆ ವ್ಯತ್ಯಾಸ ಹಿಡಿಯುತ್ತದೆ.

ಈ ಎರಡನೇ ಬಗೆಯವರ ಸಮಸ್ಯೆ ಬೇಗ ಮುಗಿಯುತ್ತದೆ. ಹಳೇ ಟೈರಿನ ಗಟ್ಟು 2 ಮಿಲಿಮೀಟರ್ ಇತ್ತು, ಹೊಸದರದ್ದು 8 ಅಂತಿಟ್ಟುಕೊಳ್ಳಿ. ಸುತ್ತಳತೆಯೇ ಬೇರೆ ಆಯಿತು. ಎರಡೇ ಟೈರ್ ಹಾಕಿಸಿದರಂತೂ ಮುಂದಕ್ಕೂ ಹಿಂದಕ್ಕೂ ಲೆಕ್ಕ ತಾಳೆಯೇ ಆಗುವುದಿಲ್ಲ. ನಾಲ್ಕಕ್ಕೂ ಸರಿಯಾಗಿ ಗಾಳಿ ಹಿಡಿಸಿ, ಆಮೇಲೆ ರೀಸೆಟ್ ಮಾಡಿ, ಸ್ವಲ್ಪ ದೂರ ಓಡಿಸಿ. ಅದು ಹೊಸ ಲೆಕ್ಕ ಕಲಿತುಕೊಳ್ಳುತ್ತದೆ. ಆದರೆ ಮೊದಲು ಗಾಳಿ, ಆಮೇಲೆ ರೀಸೆಟ್. 26 ಇದ್ದಾಗ ರೀಸೆಟ್ ಒತ್ತಿದರೆ ಅದು 26ನ್ನೇ ಸರಿ ಅಂತ ನಂಬುತ್ತದೆ. ದೀಪ ಆರುತ್ತದೆ, ಅಪಾಯ ಉಳಿಯುತ್ತದೆ. ನಾಲ್ಕೂ ಟೈರ್ ಒಟ್ಟಿಗೆ ಒಂದೇ ಸಮ ಇಳಿದರೆ ಈ ಬಗೆಯದಕ್ಕೆ ಗೊತ್ತಾಗದೇ ಇರಬಹುದು. ಅದಕ್ಕೇ ತಿಂಗಳಿಗೊಮ್ಮೆ ಗೇಜ್ ಹಿಡಿದು ನೋಡುವುದು ತಪ್ಪಬಾರದು.

ಇನ್ನು ಉಳಿದದ್ದೆಲ್ಲ ಚಕ್ರದೊಳಗೆ ಸೆನ್ಸರ್ ಇರುವವರಿಗೆ. ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ, ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಟೈರ್ ಗಾಳಿಯ ಎಚ್ಚರಿಕೆ ವ್ಯವಸ್ಥೆ, ಎರಡರಲ್ಲಿ ಯಾವುದಾದರೊಂದು ಬಗೆಯದು, ಕಡ್ಡಾಯ. ನಮ್ಮಲ್ಲಿ 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಇಲಾಖೆ ಒಂದು ತಿದ್ದುಪಡಿ ತಂದಿತು. ಈ ವ್ಯವಸ್ಥೆಯೂ ಪಂಕ್ಚರ್ ಕಿಟ್ಟೂ ಇದ್ದರೆ ಕಾರಿಗೆ ಸ್ಟೆಪ್ನಿ ಕೊಡದಿದ್ದರೂ ಆಗುತ್ತದೆ ಅಂತ. ಸ್ಟೆಪ್ನಿ ಇಲ್ಲದ ಗಾಡಿಯಲ್ಲಿ ರಾತ್ರಿ ತಿತಿಮತಿ ಕಾಡು ದಾಟುವವರಿಗೆ ಈ ಹಳದಿ ದೀಪ ಎಷ್ಟು ಮುಖ್ಯ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ದೀಪ ಹತ್ತಿದರೆ ಮೊದಲು ಮಾಡಬೇಕಾದದ್ದು ಗೇಜ್ ಹಿಡಿಯುವುದು. ಸೆನ್ಸರ್ ಕೆಟ್ಟಿದೆ ಅಂತ ಯಾರಾದರೂ ಹೇಳುವ ಮುಂಚೆ ಇದಾಗಬೇಕು. ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿದ್ದಾಗ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಎಷ್ಟು ಗಾಳಿ ಅಂತ ಅದರಲ್ಲೇ ಬರೆದಿರುತ್ತದೆ. ಟೈರಿನ ಮೇಲೆ ಅಚ್ಚು ಹಾಕಿರುವ ಅಂಕಿ ಆ ಟೈರ್ ತಡೆಯುವ ಗರಿಷ್ಠ ಮಿತಿ. ಅದನ್ನು ನೋಡಿ ತುಂಬಬೇಡಿ. ಹೊಸ ಟೈರ್ ರಿಮ್ಮಿಗೆ ಕೂರಲಿ ಅಂತ ಅಂಗಡಿಯಲ್ಲಿ ಮೊದಲು 40ರವರೆಗೂ ಹೊಡೆಯುತ್ತಾರೆ. ಆಮೇಲೆ ಇಳಿಸುವಾಗ ಒಂದೊಂದರಲ್ಲಿ ಒಂದೊಂದು ಅಂಕಿ ಉಳಿದಿರುತ್ತದೆ.

ತಣ್ಣಗಿದ್ದಾಗ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಹತ್ತು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಕಾರಿನ ಟೈರಿನಲ್ಲಿ ಒಂದೂವರೆಯಿಂದ ಎರಡು ಪಿಎಸ್‌ಐ ಕಡಿಮೆ ಆಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕುಶಾಲನಗರದಲ್ಲಿ, ಓಡಿ ಬಂದು ಬಿಸಿಯಾಗಿರುವ ಟೈರಿಗೆ ಸರಿಯಾಗಿ 33 ಹಿಡಿಸಿದಿರಿ. ಜುಲೈ ಬೆಳಿಗ್ಗೆ ಮಡಿಕೇರಿಯಲ್ಲಿ ಮಂಜು, ಚಳಿ. ಅದೇ ಟೈರಿನಲ್ಲಿ 28ರ ಹತ್ತಿರ ಇರಬಹುದು. ಎಲ್ಲೂ ತೂತಿಲ್ಲ. ಬಹಳ ಗಾಡಿಗಳಲ್ಲಿ ಇರಬೇಕಾದದ್ದಕ್ಕಿಂತ ಶೇಕಡ 20ರಿಂದ 25ರಷ್ಟು ಇಳಿದಾಗ ದೀಪ ಹತ್ತುತ್ತದೆ. ಈಗಾಗಲೇ ಆ ಗಡಿಯ ಹತ್ತಿರ ಬಂದಾಯಿತು, ಇನ್ನು ಸಣ್ಣ ಸೋರಿಕೆ ಸಾಕು. ಬೆಳಿಗ್ಗೆ ಹತ್ತಿ ಹತ್ತು ಹದಿನೈದು ಕಿಲೋಮೀಟರಿಗೆ ಆರುವ ದೀಪ ಅಂದರೆ ಸಾಮಾನ್ಯವಾಗಿ ಇದೇ ಕಥೆ.

ಬೆಟ್ಟದವರಾದ ನಮಗೆ ಇನ್ನೊಂದು ಗೊಂದಲ ಇದೆ. ಮಡಿಕೇರಿ ಸಮುದ್ರ ಮಟ್ಟಕ್ಕಿಂತ 1100 ಮೀಟರಿಗೂ ಹೆಚ್ಚು ಎತ್ತರ. ಹೊರಗಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ಎರಡು ಪಿಎಸ್‌ಐ ಕಡಿಮೆ. ಕೈ ಗೇಜ್ ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ. ಹಾಗಾಗಿ ಸಂಪಾಜೆ ಘಾಟಿ ಹತ್ತಿದಂತೆ ಅಂಕಿ ಏರಬೇಕು. ಆದರೆ ಮೇಲೆ ಚಳಿ ಇರುವುದರಿಂದ ಅಷ್ಟೇ ಇಳಿಯಲೂಬಹುದು. ಎರಡೂ ಸೇರಿ ಒಂದಕ್ಕೊಂದು ವಜಾ. ಚಕ್ರದೊಳಗಿನ ಸೆನ್ಸರ್ ಮಾತ್ರ ಹೊರಗಿನ ಗಾಳಿಯನ್ನು ನೋಡುವುದೇ ಇಲ್ಲ, ಒಳಗಿನ ಪೂರ್ತಿ ಒತ್ತಡ ಅಳೆಯುತ್ತದೆ. ಅದರಿಂದ ಸಮುದ್ರ ಮಟ್ಟದ ಒತ್ತಡ ಕಳೆದು ತೋರಿಸುವ ಗಾಡಿಯಾದರೆ, ಮಡಿಕೇರಿಯಲ್ಲಿ ಪರದೆಯ ಅಂಕಿ ಕೈ ಗೇಜಿಗಿಂತ ಒಂದೆರಡು ಕಡಿಮೆ ಇರುತ್ತದೆ. ನಾಲ್ಕೂ ಚಕ್ರದಲ್ಲಿ ಒಂದೇ ಸಮ ಕಡಿಮೆ ಇದ್ದರೆ ಸೆನ್ಸರ್ ಮೇಲೆ ಅನುಮಾನ ಪಡಬೇಡಿ. ಒಂದರಲ್ಲಿ ಮಾತ್ರ ಇದ್ದರೆ ಪಡಿ.

ಗಾಳಿ ಸರಿ ಇದೆ, ಆದರೂ ದೀಪ. ಈಗ ಇಂಜಿನ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ದೀಪವನ್ನೇ ನೋಡುತ್ತಾ ಕೂರಿ. ಹತ್ತಿದ್ದು ಹಾಗೇ ನಿಂತರೆ ಗಾಡಿ ಹೇಳುತ್ತಿರುವುದು ಗಾಳಿಯ ಬಗ್ಗೆ. ಒಂದು ನಿಮಿಷ, ಒಂದೂವರೆ ನಿಮಿಷ ಮಿನುಗಿ ಆಮೇಲೆ ಆರದೆ ಹತ್ತಿಕೊಂಡೇ ಉಳಿದರೆ ಅದು ಹೇಳುತ್ತಿರುವುದೇ ಬೇರೆ: ಯಾವುದೋ ಚಕ್ರದ ಮಾತು ನನಗೆ ಕೇಳಿಸುತ್ತಿಲ್ಲ ಅಂತ. ಬಹುಪಾಲು ಗಾಡಿಗಳಲ್ಲಿ ಹೀಗೇ. ಈ ಒಂದು ನಿಮಿಷ ಕೊಡದೆ ಜನ ಸುಮ್ನೆ ನಾಲ್ಕೈದು ಸಲ ಗಾಳಿ ಹಿಡಿಸಿಕೊಂಡು ಬರುತ್ತಾರೆ.

ಮಿನುಗಿದರೂ ಕೂಡಲೇ ಗಾಬರಿ ಬೇಡ. ಬ್ಯಾಟರಿ ಉಳಿಸಲು ಸೆನ್ಸರ್ ನಿಂತಲ್ಲಿ ಮಲಗಿರುತ್ತದೆ. ಚಕ್ರ ಒಂದು ವೇಗಕ್ಕೆ ತಿರುಗಿದಾಗಲೇ ಎದ್ದು ಮಾತಾಡುತ್ತದೆ. ಸಾಮಾನ್ಯವಾಗಿ ಗಂಟೆಗೆ 25, 30 ಕಿಲೋಮೀಟರ್ ದಾಟಬೇಕು, ಸ್ವಲ್ಪ ಹೊತ್ತು ಹಾಗೇ ಓಡಬೇಕು. ನಮ್ಮ ತೋಟದ ರಸ್ತೆಯಲ್ಲಿ ಎಲ್ಲಿ ಆ ವೇಗ? ಅಂಗಡಿಯಿಂದ ಪೇಟೆಯ ಗಲಾಟೆಯಲ್ಲಿ ಹೊರಟು, ಎರಡನೇ ಗೇರಿನಲ್ಲೇ ಮನೆ ಸೇರಿದರೆ ಸೆನ್ಸರ್ ಎದ್ದೇ ಇರುವುದಿಲ್ಲ. ಟೈರ್ ಹಾಕಿಸಿದ ದಿನವೇ ಒಳ್ಳೆ ರಸ್ತೆಯಲ್ಲಿ ಒಂದು 20 ನಿಮಿಷ ಓಡಿಸಿ. ಸುಂಟಿಕೊಪ್ಪದ ಕಡೆಯವರು ಆನೆಕಾಡು ದಾಟಿ ಕುಶಾಲನಗರದವರೆಗೆ ಹೋಗಿ ಬನ್ನಿ, ಸಾಕು. ಬಹಳ ಸಲ ದೀಪ ದಾರಿಯಲ್ಲೇ ಆರುತ್ತದೆ.

ಆರಲಿಲ್ಲ ಅಂದರೆ ಕಲಿಸುವ ಕೆಲಸ ಬಾಕಿ ಇದೆ. ಪ್ರತಿ ಸೆನ್ಸರಿಗೂ ತನ್ನ ನಂಬರ್ ಇದೆ ಅಂದೆನಲ್ಲ. ಮುಂದಿನ ಎಡಗಡೆ ಯಾವ ನಂಬರ್, ಹಿಂದಿನ ಬಲಗಡೆ ಯಾವ ನಂಬರ್ ಅಂತ ಗಾಡಿ ನೆನಪಿಟ್ಟುಕೊಂಡಿರುತ್ತದೆ. ಕೆಲವು ಗಾಡಿಗಳು ಓಡುತ್ತಲೇ ತಾವೇ ಕಲಿಯುತ್ತವೆ. ಕೆಲವಕ್ಕೆ ಮೆನುವಿನಲ್ಲಿ ಹೇಳಿ, ಒಂದು ಕ್ರಮದಲ್ಲಿ ಒಂದೊಂದು ಚಕ್ರದ ಹತ್ತಿರವೂ ಟೂಲ್ (ಸೆನ್ಸರನ್ನು ಎಬ್ಬಿಸಿ ಓದುವ ಕೈ ಯಂತ್ರ) ಹಿಡಿದು ಎಬ್ಬಿಸಬೇಕು. ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ ನಂಬರ್ ಬರೆಯಬೇಕು. ನಿಮ್ಮದು ಯಾವುದು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಮುಂದೆ ಹಿಂದೆ ಬದಲಾಯಿಸಿದ ಮೇಲೆ ಕಲಿಸದೆ ಬಿಟ್ಟರೆ ಪರದೆಯಲ್ಲಿ ಮುಂದಿನ ಎಡ ಟೈರ್ ಇಳಿದಿದೆ ಅಂತ ಬರುತ್ತದೆ, ನಿಜವಾಗಿ ಇಳಿದದ್ದು ಹಿಂದಿನದು. ಕಲಿಸುವಾಗ ಗಾಡಿಯನ್ನು ಅಂಗಡಿಯ ಬೇರೆ ಗಾಡಿಗಳಿಂದ ದೂರ ನಿಲ್ಲಿಸಿ. ಪಕ್ಕದವರ ಸೆನ್ಸರ್ ನಂಬರ್ ನಿಮ್ಮ ಗಾಡಿಗೆ ಸೇರಿಬಿಟ್ಟರೆ ಅವರು ಹೊರಟ ಮೇಲೆ ನಿಮ್ಮ ದೀಪ ಮತ್ತೆ ಮಿನುಗುತ್ತದೆ.

ಈಗ ಟೈರ್ ಅಂಗಡಿಯ ಹುಡುಗರಿಗೆ. ನೀವು ಸ್ವಲ್ಪ ಮುಂದೆ ಬನ್ನಿ. ಈ ರಿಮ್ ನೋಡಿ. ನೆಕ್ ಇಲ್ಲಿದೆ, ಅದರ ಹಿಂದೆ ಬೆರಳಷ್ಟು ಉದ್ದದ ಈ ಕಪ್ಪು ಪೆಟ್ಟಿಗೆಯೇ ಸೆನ್ಸರ್. ಟೈರಿನ ಅಂಚು ಕೂರುವ ಜಾಗಕ್ಕೂ ಇದಕ್ಕೂ ಎಷ್ಟು ಅಂತರ ಇದೆ ನೋಡಿ. ಎರಡು ಬೆರಳೂ ಇಲ್ಲ. ಟೈರ್ ಬಿಡಿಸಲು ಮಿಷಿನ್ನಿನ ಬ್ಲೇಡ್ ಒತ್ತುತ್ತೀರಲ್ಲ, ನೆಕ್ ಇರುವ ಕಡೆಯೇ ಒತ್ತಿದರೆ ಟೈರಿನ ಅಂಚು ಒಳಕ್ಕೆ ಸರಿದು ನೇರ ಇದರ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಒಡೆಯುವ ಸದ್ದು ಮಿಷಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಆದ್ದರಿಂದ ಚಕ್ರ ತಿರುಗಿಸಿ, ನೆಕ್ಕನ್ನು ಬ್ಲೇಡಿನಿಂದ ದೂರದ ಕಡೆಗೆ ತನ್ನಿ, ಆಮೇಲೆ ಒತ್ತಿ. ಮೇಲೆತ್ತುವಾಗಲೂ ಅಷ್ಟೇ, ಲಿವರಿನ ತುದಿ ನೆಕ್ ಹತ್ತಿರ ಇಳಿಯಬಾರದು. ಗಾಡಿ ಕೊಟ್ಟವರೇ, ನೀವೂ ಒಳಗೆ ಕಾಫಿ ಕುಡಿಯುತ್ತಾ ಕೂರಬೇಡಿ. ಒಳಗೆ ಸೆನ್ಸರ್ ಇದೆ ಅಂತ ಮೊದಲೇ ಹೇಳಿ, ಪಕ್ಕದಲ್ಲಿ ನಿಲ್ಲಿ. ಕೆಲಸ ಶುರುವಾಗುವ ಮುಂಚೆ ದೀಪ ಹತ್ತಿತ್ತೋ ಇಲ್ಲವೋ ಇಬ್ಬರೂ ನೋಡಿಕೊಳ್ಳಿ. ಆಮೇಲಿನ ಜಗಳ ಅರ್ಧ ಅಲ್ಲೇ ತಪ್ಪುತ್ತದೆ.

ನೆಕ್ ಎರಡು ಥರ. ರಬ್ಬರಿನದು, ಲೋಹದ್ದು. ಲೋಹದ್ದು ಹೆಚ್ಚಾಗಿ ಅಲ್ಯೂಮಿನಿಯಂ. ನಮ್ಮ ಊರಿನ ತೇವಕ್ಕೆ ಅದು ಬೇಗ ಕೆಡುತ್ತದೆ. ಇದೋ, ಇದೊಂದು ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ. ಚೆಂದ ಕಾಣಲಿ ಅಂತ ಹಿತ್ತಾಳೆಯ ಕ್ಯಾಪ್ ಹಾಕಿದ್ದಾರೆ. ಅಲ್ಯೂಮಿನಿಯಂ, ಹಿತ್ತಾಳೆ, ನಡುವೆ ನೀರು. ಎರಡು ಬೇರೆ ಲೋಹ ಒದ್ದೆಯಲ್ಲಿ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಥ್ರೆಡ್ಡಿನ ಮೇಲೆ ಬಿಳಿ ಪುಡಿ ಕಾಣುತ್ತಿದೆಯಲ್ಲ, ಅದೇ. ಕ್ಯಾಪ್ ಹಿಡಿದುಕೊಂಡಿತು, ಇಕ್ಕಳದಲ್ಲಿ ತಿರುಗಿಸಿದರು, ನೆಕ್ ಕುತ್ತಿಗೆಯಲ್ಲೇ ಮುರಿಯಿತು, ಸೆನ್ಸರ್ ಹೋಯಿತು. ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಒಳಗೆ ಪುಟ್ಟ ರಬ್ಬರ್ ಇರುವುದು. ನೆಕ್ಕಿನ ಒಳಗೆ ಗಾಳಿ ತಡೆಯುವ ಪಿನ್ ಬದಲಾಯಿಸುವಾಗಲೂ ಮಾಮೂಲಿ ಹಿತ್ತಾಳೆ ಪಿನ್ ಬೇಡ, ನಿಕ್ಕಲ್ ಲೇಪನದ್ದು ಕೇಳಿ. ಟೈರ್ ಬಿಚ್ಚಿದಾಗಲೆಲ್ಲ ನೆಕ್ಕಿನ ರಬ್ಬರ್ ಸೀಲ್, ವಾಷರ್, ನಟ್ಟು, ಪಿನ್ ಹೊಸದು ಹಾಕಬೇಕು. ಸೆನ್ಸರ್ ಬೆಲೆಗೆ ಹೋಲಿಸಿದರೆ ಆ ಕಿಟ್ಟಿನದು ತೀರಾ ಕಡಿಮೆ. ಆ ನಟ್ಟಿಗೆ ಬೇಕಾದ ಬಿಗಿಯೂ ಬಹಳ ಕಡಿಮೆ, ಹೆಚ್ಚಿನವಕ್ಕೆ 4ರಿಂದ 8 ನ್ಯೂಟನ್ ಮೀಟರ್. ಚಕ್ರದ ನಟ್ಟಿಗೆ 100ರ ಆಸುಪಾಸು. ಅದೇ ಕೈಯಲ್ಲಿ ಅದೇ ಜೋರು ಹಾಕಿದರೆ ಸೀಲ್ ಹರಿಯುತ್ತದೆ, ವಾರದೊಳಗೆ ಗಾಳಿ ಸೋರಲು ಶುರು.

ತೋಟದವರಿಗೆ ಎರಡು ಮಾತು. ಟ್ಯೂಬ್‌ಲೆಸ್ ಟೈರ್ ಪಕ್ಕದಲ್ಲಿ ಕೊಯ್ದುಹೋದರೆ ಒಳಗೆ ಟ್ಯೂಬ್ ಹಾಕಿ ಓಡಿಸುವ ಅಭ್ಯಾಸ ನಮ್ಮಲ್ಲಿ ಇದೆ. ಟ್ಯೂಬ್ ಹಾಕಲು ನೆಕ್ ತೆಗೆಯಬೇಕು, ನೆಕ್ ಜೊತೆ ಸೆನ್ಸರೂ ಹೊರಗೆ. ಅಲ್ಲಿಂದ ಆ ಚಕ್ರದ ಬಗ್ಗೆ ಗಾಡಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕ ಕೊಯ್ದ ಟೈರ್ ಘಾಟಿ ರಸ್ತೆಗೆ ತಕ್ಕದ್ದೂ ಅಲ್ಲ. ಎರಡನೆಯದು, ಮಡ್ ಟೈರಿಗೆಂದೇ ಬೇರೆ ರಿಮ್ ಇಟ್ಟುಕೊಂಡವರು. ಆ ರಿಮ್ಮಿನಲ್ಲಿ ಸೆನ್ಸರ್ ಇರುವುದಿಲ್ಲ, ದೀಪ ಮಳೆಗಾಲ ಪೂರ್ತಿ ಮಿನುಗುತ್ತದೆ. ಅದಕ್ಕೆ ಪರಿಹಾರ ಇದೆ. ನಂಬರ್ ಬರೆಯಲು ಆಗುವ ಸೆನ್ಸರುಗಳು ಸಿಗುತ್ತವೆ. ಹಳೇ ನಾಲ್ಕರ ನಂಬರನ್ನೇ ಟೂಲಿನಿಂದ ನಕಲು ಮಾಡಿ ಹೊಸ ನಾಲ್ಕಕ್ಕೆ ಬರೆದರೆ ಯಾವ ಸೆಟ್ ಹಾಕಿದರೂ ಗಾಡಿಗೆ ಒಂದೇ. ಕೊಂಡುಕೊಳ್ಳುವಾಗ ರೇಡಿಯೋ ಆವರ್ತನ (ಫ್ರೀಕ್ವೆನ್ಸಿ) ನೋಡಿ. ಇಲ್ಲಿನ ಗಾಡಿಗಳಿಗೆ ಸಾಮಾನ್ಯವಾಗಿ 433 ಮೆಗಾಹರ್ಟ್ಸ್. ಅಮೆರಿಕದ ಬಹಳ ಗಾಡಿಗಳದ್ದು 315. ನೋಡಲು ಎರಡೂ ಒಂದೇ ಥರ ಇರುತ್ತವೆ, ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದರೆ ಗಾಡಿಗೆ ಕೇಳಿಸುವುದೇ ಇಲ್ಲ.

ಬ್ಯಾಟರಿಯ ಆಯಸ್ಸು ಐದರಿಂದ ಹತ್ತು ವರ್ಷ. ಅದನ್ನು ಬದಲಾಯಿಸಲು ಬರುವುದಿಲ್ಲ, ಒಳಗೇ ಸೀಲ್ ಮಾಡಿರುತ್ತಾರೆ. ಏಳೆಂಟು ವರ್ಷದ ಗಾಡಿಯಲ್ಲಿ ಒಂದು ಸತ್ತರೆ ಉಳಿದ ಮೂರೂ ಹಿಂದೆಯೇ ಇವೆ. ಟೈರ್ ಹೇಗೂ ಬಿಚ್ಚಿದಾಗ ಟೂಲ್ ಹಿಡಿದು ನಾಲ್ಕನ್ನೂ ಓದಿಸಿ. ಹೆಚ್ಚಿನ ಟೂಲುಗಳಲ್ಲಿ ನಂಬರ್, ಒತ್ತಡ, ಉಷ್ಣಾಂಶದ ಜೊತೆ ಬ್ಯಾಟರಿಯ ಸ್ಥಿತಿಯೂ ಬರುತ್ತದೆ. ಟೂಲಿಗೆ ಉತ್ತರ ಕೊಡುವ, ಒತ್ತಡದ ಅಂಕಿಯೂ ಬ್ಯಾಟರಿಯೂ ಸರಿ ಇರುವ ಸೆನ್ಸರನ್ನು ಯಾರೂ ಬದಲಾಯಿಸಲು ಹೇಳಬಾರದು, ನೀವೂ ಒಪ್ಪಬಾರದು. ಅದು ಬದುಕಿದೆ, ತೊಂದರೆ ಹೆಚ್ಚಾಗಿ ಕಲಿಸುವುದರಲ್ಲಿ ಇದೆ. ಟೂಲಿಗೆ ಕೊಡುತ್ತದೆ, ಗಾಡಿಗೆ ಮಾತ್ರ ಕೇಳಿಸುತ್ತಿಲ್ಲ ಅಂದರೆ ಡ್ಯಾಶ್‌ಕ್ಯಾಮ್, ಅಗ್ಗದ ಮೊಬೈಲ್ ಚಾರ್ಜರ್ ಎಲ್ಲ ಕಿತ್ತು ಒಂದು ಸುತ್ತು ಓಡಿಸಿ ನೋಡಿ. ಕೆಲವು ಚಾರ್ಜರುಗಳು ರೇಡಿಯೋಗೆ ಅಡ್ಡಿ ಮಾಡುತ್ತವೆ.

ಹಿಂದೆ ಕೂತವರೊಬ್ಬರು ಪಂಕ್ಚರ್ ಅಂಟಿನ ಬಗ್ಗೆ ಕೇಳಿದರು. ಟೈರಿನೊಳಗೆ ಸುರಿಯುವ ಅಂಟು ಒಂದು ರಾತ್ರಿ ಮನೆ ಮುಟ್ಟಿಸಲು ಒಳ್ಳೆಯದೇ. ಆದರೆ ಸೆನ್ಸರಿನ ಮೈಮೇಲೆ ಗಾಳಿ ಒಳಹೋಗುವ ಸಣ್ಣ ತೂತು ಇರುತ್ತದೆ. ಅಂಟು ಅಲ್ಲಿ ಒಣಗಿದರೆ ಅಂಕಿ ತಪ್ಪು ಬರುತ್ತದೆ ಅಥವಾ ಬದಲಾಗುವುದೇ ಇಲ್ಲ. ಹಾಕಿದ್ದರೆ ಅಂಗಡಿಯಲ್ಲಿ ಹೇಳಿ. ಟೈರ್ ಬಿಚ್ಚಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸೆನ್ಸರ್ ಉಳಿಯಬಹುದು.

ಇನ್ನೊಬ್ಬರ ಪ್ರಶ್ನೆ, ಕ್ಯಾಪ್ ಜಾಗದಲ್ಲಿ ಹೊರಗಿನಿಂದ ತಿರುಗಿಸುವ ಸೆನ್ಸರುಗಳದ್ದು. ಹಳೇ ಜೀಪು, ಪಿಕಪ್ ಇರುವವರಿಗೆ ನಾನು ಅದನ್ನು ಧೈರ್ಯವಾಗಿ ಹೇಳುತ್ತೇನೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು, ಬ್ಯಾಟರಿಯನ್ನೂ ನೀವೇ ಬದಲಾಯಿಸಬಹುದು. ಆದರೆ ಹಳೇ ರಬ್ಬರ್ ನೆಕ್ಕಿಗೆ ಹಾಕಬೇಡಿ. ಚಕ್ರ ತಿರುಗುವಾಗ ಅದರ ಭಾರಕ್ಕೆ ನೆಕ್ ಬಾಗಿ ಬಾಗಿ ಬುಡದಲ್ಲಿ ಬಿರುಕು ಬಿಡುತ್ತದೆ. ಲೋಹದ ನೆಕ್ ಹಾಕಿಸಿ ಆಮೇಲೆ ಹಾಕಿ. ಮುಂದೆ ಹಿಂದೆ ಬದಲಾಯಿಸಿದಾಗ ಸೆನ್ಸರುಗಳನ್ನು ಬಿಚ್ಚಿ, ಅವುಗಳ ಮೇಲಿರುವ ಗುರುತು ನೋಡಿ ಆಯಾ ಜಾಗಕ್ಕೇ ಹಾಕಿ. ಈ ಬಗೆಯದು ಪಿನ್ನನ್ನು ಯಾವಾಗಲೂ ಒತ್ತಿಕೊಂಡೇ ಇರುತ್ತದೆ, ಸೀಲ್ ಸರಿ ಕೂರದಿದ್ದರೆ ಅಲ್ಲಿಂದಲೇ ಗಾಳಿ ಹೋಗುತ್ತದೆ. ತಿರುಗಿಸಿದ ಮೇಲೆ ಸುತ್ತ ಸೋಪಿನ ನೀರು ಹಚ್ಚಿ ಒಂದು ನಿಮಿಷ ನೋಡಿ. ಗುಳ್ಳೆ ಬಂದರೆ ಬಿಚ್ಚಿ, ರಬ್ಬರ್ ಒರೆಸಿ, ಮತ್ತೆ ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಬೇಡ.